ಕಾನೂನು ನೆರವಿನ ಸಂಸ್ಥೆ: ಹೆಸರು, ಲೋಗೋ, ವೆಬ್‌ಸೈಟ್ ಮೂರೂ ಒಟ್ಟಿಗೆ ಬದಲಾಗುತ್ತಿವೆ, ಯಾವುದು ಮೊದಲು?

ಹೊಸಪುಟ (ಪ್ರಶ್ನೆ)

ನಮಸ್ಕಾರ. ಮಹಿಳೆಯರಿಗೆ ಮತ್ತು ಕೂಲಿ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಕೊಡುವ ಸೊಸೈಟಿಯೊಂದರ ವೆಬ್‌ಸೈಟ್ ಹೊಸದಾಗಿ ಕಟ್ಟಬೇಕಿದೆ. ಈಗಿರುವುದು ಹಳೆಯ ವರ್ಡ್‌ಪ್ರೆಸ್ ಸೈಟು. ಮಾಹಿತಿಯಲ್ಲಿ ಅರ್ಧಕ್ಕರ್ಧ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ಕೈಪಿಡಿಗಳು. ಹೆಸರು ಉದ್ದವಾಯಿತು, ಚಿಕ್ಕದು ಬೇಕು, ಅದಕ್ಕೆ ತಕ್ಕ ಲೋಗೋ ಮತ್ತು ಡೊಮೇನ್ ಕೂಡ ಬೇಕು ಎಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಸೈಟಿಗೆ ಬರುವವರಲ್ಲಿ ಬಹುಪಾಲು ಜನ ಮೊಬೈಲಿನಿಂದಲೇ ಬರುತ್ತಾರೆ. ಹೆಸರು ಬದಲಿಸುವಾಗ ಏನೇನು ಕೈತಪ್ಪುತ್ತದೆ? ಹಳೆಯ ಪಿಡಿಎಫ್‌ಗಳನ್ನು ಏನು ಮಾಡುವುದು? ‘ನೆರವು ಕೇಳಿ’ ಫಾರಂನಲ್ಲಿ ಎಷ್ಟು ವಿವರ ಕೇಳಬೇಕು? ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ದಾಖಲೆ_ಕಪಾಟು

ಮೊದಲು ಒಂದು ಮಾತು: ನೋಂದಾಯಿತ ಹೆಸರನ್ನು ಮುಟ್ಟಬೇಡಿ. ಕರೆಯುವ ಹೆಸರನ್ನಷ್ಟೇ ಬದಲಿಸಿ. ನೋಂದಾಯಿತ ಹೆಸರು ಬದಲಾದರೆ ಸೊಸೈಟಿ ರಿಜಿಸ್ಟ್ರಾರ್, ಪ್ಯಾನ್, ಬ್ಯಾಂಕ್, ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ಎಲ್ಲವನ್ನೂ ಒಂದೊಂದಾಗಿ ತಿದ್ದಿಸಬೇಕು. ವಿದೇಶಿ ದೇಣಿಗೆಯ ನೋಂದಣಿ ಇದ್ದರೆ ಎಫ್‌ಸಿ-6ಎ ನಮೂನೆಯನ್ನೂ ಸಲ್ಲಿಸಬೇಕು. ಒಂದು ಕಡೆ ಹೊಸ ಹೆಸರು, ಇನ್ನೊಂದು ಕಡೆ ಹಳೆಯದು ಉಳಿದರೆ ದೇಣಿಗೆಯ ರಸೀದಿಗೇ ತಕರಾರು ಬರುತ್ತದೆ.

ಹೊಸ ಹೆಸರನ್ನು ಮೇಲೆ ದೊಡ್ಡದಾಗಿ ಹಾಕಿ. ಪ್ರತಿ ಪುಟದ ಅಡಿಯಲ್ಲಿ ಮತ್ತು ದೇಣಿಗೆ ಪುಟದಲ್ಲಿ ಕ್ಯೂಆರ್ ಕೋಡಿನ ಪಕ್ಕದಲ್ಲೇ ನೋಂದಾಯಿತ ಹೆಸರನ್ನು ಪೂರ್ತಿ ಬರೆಯಿರಿ. ಯುಪಿಐ ಸ್ಕ್ಯಾನ್ ಮಾಡಿದಾಗ ಬ್ಯಾಂಕಿನಲ್ಲಿರುವ ಹೆಸರೇ ಕಾಣುವುದು. ಸೈಟಿನಲ್ಲಿ ಒಂದು ಹೆಸರು, ಫೋನಿನಲ್ಲಿ ಇನ್ನೊಂದು ಕಂಡರೆ ಜನ ಮೋಸವೆಂದುಕೊಂಡು ಅಲ್ಲಿಗೇ ಬಿಟ್ಟು ಹೋಗುತ್ತಾರೆ.

‘ರಾಷ್ಟ್ರೀಯ’, ‘ಆಯೋಗ’, ‘ಪ್ರಾಧಿಕಾರ’ ಇಂಥ ಪದ ಬೇಡ, ಸರ್ಕಾರಿ ಕಚೇರಿ ಅನ್ನಿಸುತ್ತದೆ. ಲೋಗೋದಲ್ಲಿ ಸಿಂಹಲಾಂಛನವಂತೂ ಕೂಡದು, ಅದಕ್ಕೆ 2005ರ ಕಾಯ್ದೆಯೇ ಅಡ್ಡಿ. ತಕ್ಕಡಿ, ಸುತ್ತಿಗೆ ಎಲ್ಲರ ಬಳಿಯೂ ಇವೆ; ಅವಿಲ್ಲದೆ, ಒಂದು ಕನ್ನಡ ಅಕ್ಷರದ ಸುತ್ತ ಲೋಗೋ ಮಾಡಿಸಿ ಎಂಬುದು ನನ್ನ ಅಭಿಪ್ರಾಯ. ವಾಟ್ಸಾಪ್ ಡಿಪಿಯ ವೃತ್ತದೊಳಗೆ, ಕಪ್ಪುಬಿಳುಪು ಜೆರಾಕ್ಸಿನಲ್ಲಿ, ರಬ್ಬರ್ ಮೊಹರಿನಲ್ಲಿ ಮೂರೂ ಕಡೆ ಗುರುತು ಸಿಕ್ಕಿದರೆ ಮಾತ್ರ ಒಪ್ಪಿಕೊಳ್ಳಿ.

ಹಳೆಯ ಡೊಮೇನನ್ನು ಎಂದಿಗೂ ಬಿಡಬೇಡಿ. 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಕನಿಷ್ಠ ಒಂದು ವರ್ಷ ಇರಲಿ ಎನ್ನುತ್ತದೆ ಗೂಗಲ್. ಆದರೆ ನಿಮ್ಮ ವಿಳಾಸ ಕರಪತ್ರಗಳಲ್ಲಿ, ಠಾಣೆಯ ಗೋಡೆಯ ಮೇಲೆ ಅಚ್ಚಾಗಿ ಕೂತಿದೆ. ಅವಧಿ ಮುಗಿದ ಡೊಮೇನನ್ನು ಜೂಜಿನ ಸೈಟಿನವರು ಕೊಂಡುಕೊಳ್ಳುತ್ತಾರೆ. ನೆರವು ಹುಡುಕಿ ಬಂದ ಹೆಣ್ಣುಮಗಳು ಅಲ್ಲಿಗೆ ಹೋಗಿ ಬೀಳುತ್ತಾಳೆ. ಇಮೇಲ್ ಇದಕ್ಕಿಂತ ಮುಖ್ಯ. ಇ-ಫೈಲಿಂಗ್ ಖಾತೆ ಮತ್ತು ವಕಾಲತ್ತಿನಲ್ಲಿ ಹಳೆಯ ಇಮೇಲ್ ಇದ್ದರೆ ನೋಟಿಸು ಅಲ್ಲಿಗೇ ಬರುತ್ತದೆ. ಹಾಗಾಗಿ ಹಳೆಯ ಡೊಮೇನಿನ ಎಂಎಕ್ಸ್ ದಾಖಲೆ (ಇಮೇಲ್ ಎಲ್ಲಿಗೆ ತಲುಪಬೇಕೆಂದು ಹೇಳುವುದು) ತೆಗೆಯದೆ, ಅಲ್ಲಿಗೆ ಬಂದ ಪತ್ರ ಹೊಸ ಪೆಟ್ಟಿಗೆಗೆ ಬೀಳುವಂತೆ ಮಾಡಿ. ಹೊಸ ಡೊಮೇನಿಗೆ, ಪತ್ರ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಮೊದಲ ದಿನವೇ ಹಾಕಿ. ಇಲ್ಲದಿದ್ದರೆ ನಿಮ್ಮ ಉತ್ತರ ಸ್ಪ್ಯಾಮಿಗೆ ಹೋಗುತ್ತದೆ.

ಒತ್ತಕ್ಷರ

ಪಿಡಿಎಫ್ ವಿಷಯಕ್ಕೆ ಬರುತ್ತೇನೆ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಫಾಂಟಿನ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೊಂಚಲು. ಗೂಗಲ್ ಹುಡುಕಲಾರದು, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಓದಲಾರದು. ಮೂಲ ವರ್ಡ್ ಕಡತ ಸಿಕ್ಕರೆ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ. ಆಮೇಲೆ ಯಾರಾದರೂ ಕೂತು ಸಾಲು ಸಾಲು ಓದಲೇಬೇಕು. ಆಸ್ಕಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುವುದರಿಂದ ಸಾಧಾರಣ ಪರಿವರ್ತಕ ‘ಅರ್ಜಿ’ಯನ್ನು ‘ಅಜಿರ್’ ಮಾಡುತ್ತದೆ, ‘ನಿರ್ಣಯ’ವನ್ನು ‘ನಿಣರ್ಯ’ ಮಾಡುತ್ತದೆ. ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಕಲಂ ಸಂಖ್ಯೆಗಳನ್ನು ಇಬ್ಬರು ಬೇರೆ ಬೇರೆಯಾಗಿ ತಾಳೆ ನೋಡಲಿ.

ಎಲ್ಲವನ್ನೂ ಪರಿವರ್ತಿಸಲು ಹೋಗಬೇಡಿ. ಜೀವನಾಂಶ, ಕೌಟುಂಬಿಕ ದೌರ್ಜನ್ಯ, ಬಾಕಿ ಕೂಲಿ, ಜಾಮೀನು, ಎಫ್‌ಐಆರ್ ಇಷ್ಟನ್ನು ಮೊದಲು ವೆಬ್ ಪುಟವಾಗಿಸಿ. ಉಳಿದದ್ದು ‘ಹಳೆಯ ಪ್ರಕಟಣೆಗಳು’ ವಿಭಾಗದಲ್ಲಿ ವರ್ಷ ನಮೂದಿಸಿಕೊಂಡು ಇರಲಿ.

ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಸಾಕು. ಇಂಗ್ಲಿಷ್ ಲೆಕ್ಕದ ಥೀಮಿನಲ್ಲಿ ಸಾಲಿನ ಎತ್ತರ 1.4 ಇರುತ್ತದೆ, ಕನ್ನಡಕ್ಕೆ 1.7 ಮಾಡಿ. ಅಕ್ಷರಗಳ ನಡುವಿನ ಅಂತರ (ಲೆಟರ್-ಸ್ಪೇಸಿಂಗ್) ಸೊನ್ನೆ ಇರಲಿ. ಗುಂಡಿಗಳಿಗೆ ಎತ್ತರ ನಿಗದಿ ಮಾಡಿ, ಹೊರಚಾಚಿದ ಭಾಗ ಕಾಣದಂತೆ ಓವರ್‌ಫ್ಲೋ ಮುಚ್ಚಿದ್ದರೆ ಒತ್ತು ಕತ್ತರಿಸಿಹೋಗುತ್ತದೆ. ಡಿಸೈನರ್ ಕೈಗೆ ‘ಸ್ತ್ರೀ’, ‘ರಾಷ್ಟ್ರ’, ‘ದೌರ್ಜನ್ಯಕ್ಕೊಳಗಾದವರಿಗೆ’ ಈ ಮೂರು ಪದ ಕೊಡಿ. 360 ಪಿಕ್ಸೆಲ್ ಅಗಲದ ಪರದೆಯ ಶೀರ್ಷಿಕೆಯಲ್ಲಿ ಮೂರೂ ಸರಿಯಾಗಿ ಕೂತರೆ ಮಿಕ್ಕದ್ದೂ ಕೂರುತ್ತದೆ.

ಪುಟದ ಕೊಂಡಿ ಮಾತ್ರ ಇಂಗ್ಲಿಷ್ ಲಿಪಿಯಲ್ಲಿರಲಿ. ಕನ್ನಡದ ಒಂದೊಂದು ಚಿಹ್ನೆ ಕೊಂಡಿಯಲ್ಲಿ ಒಂಬತ್ತು ಅಕ್ಷರವಾಗುತ್ತದೆ. ‘ಕಾನೂನು’ ಒಂದಕ್ಕೇ 54. ವಾಟ್ಸಾಪಿನಲ್ಲಿ ಕಳಿಸಿದಾಗ ಅರ್ಧ ಪರದೆ ಶೇಕಡಾ ಗುರುತಿನಿಂದ ತುಂಬುತ್ತದೆ. ಸೈಟಿನೊಳಗಿನ ಹುಡುಕಾಟದಲ್ಲಿ ‘ಎಫ್‌ಐಆರ್’ ನಡುವಿನ ಕಣ್ಣಿಗೆ ಕಾಣದ ಬೇರ್ಪಡಿಕೆ ಚಿಹ್ನೆಯನ್ನು ತೆಗೆದುಹಾಕಿ ಹೋಲಿಸುವಂತೆ ಮಾಡಿಸಿ. ಇಲ್ಲವಾದರೆ ಟೈಪ್ ಮಾಡಿದ ರೀತಿಯ ಮೇಲೆ ಫಲಿತಾಂಶ ಬರುತ್ತದೆ ಅಥವಾ ಬರುವುದಿಲ್ಲ.

ಕಟಕಟೆ

ಮೇಲಿನವರಿಬ್ಬರೂ ಸರಿಯಾಗಿ ಹೇಳಿದ್ದಾರೆ. ನಾನು ಫಾರಂ ಮತ್ತು ಒಳಗಿನ ಬರಹದ ಬಗ್ಗೆ ಹೇಳುತ್ತೇನೆ, ಅಪಾಯ ಇರುವುದು ಅಲ್ಲಿ.

ಫಾರಂನಲ್ಲಿ ಐದೇ ಪ್ರಶ್ನೆ ಸಾಕು: ಏನೆಂದು ಕರೆಯಬೇಕು, ಫೋನ್, ತಾಲ್ಲೂಕು, ಯಾವ ಹೊತ್ತಿಗೆ ಫೋನ್ ಮಾಡಿದರೆ ತೊಂದರೆಯಿಲ್ಲ, ಕೋರ್ಟಿನ ನೋಟಿಸು ಬಂದಿದ್ದರೆ ಅದರಲ್ಲಿರುವ ತಾರೀಖು. ಕೊನೆಯದನ್ನು ಬಿಡಬೇಡಿ, ಸಿವಿಲ್ ದಾವೆಯಲ್ಲಿ ಸಮನ್ಸ್ ತಲುಪಿದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕಾಗುತ್ತದೆ, ಯಾರಿಗೆ ಮೊದಲು ಫೋನ್ ಮಾಡಬೇಕೆಂಬುದು ಆ ತಾರೀಖಿನಿಂದಲೇ ತಿಳಿಯುವುದು. ಪ್ರಕರಣದ ವಿವರ, ಆಧಾರ್, ಫೋಟೋ ಯಾವುದೂ ಬೇಡ. ವರ್ಡ್‌ಪ್ರೆಸ್ಸಿನ ಎಷ್ಟೋ ಫಾರಂ ಪ್ಲಗಿನ್‌ಗಳು ಡೇಟಾಬೇಸಿನಲ್ಲಿ ಒಂದು ಪ್ರತಿ ಇಟ್ಟು, ಇಮೇಲಿಗೆ ಇನ್ನೊಂದು ಕಳಿಸುತ್ತವೆ. ‘ಫಾರಂ ಕಳಿಸಿದ ಮಾತ್ರಕ್ಕೆ ನಾವು ಕೇಸು ಒಪ್ಪಿಕೊಂಡಂತಲ್ಲ’ ಎಂಬ ಸಾಲು ಕಳಿಸುವ ಗುಂಡಿಯ ಮೇಲೇ ಇರಲಿ. 2023ರ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಮಾಹಿತಿ ಪಡೆಯುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡದಲ್ಲೇ ಶುರು ಮಾಡಿ.

ಫಾರಂ ತಲುಪಿತೆಂದು ತಾನಾಗಿ ಎಸ್‌ಎಂಎಸ್ ಹೋಗುವ ವ್ಯವಸ್ಥೆ ಇದ್ದರೆ ತೆಗೆಸಿ. ಫೋನು ಗಂಡನ ಕೈಯಲ್ಲಿರಬಹುದು. ‘ತಕ್ಷಣ ಹೊರಗೆ’ ಗುಂಡಿ ಒಳ್ಳೆಯದೇ, ಆದರೆ ಅದು ಈಗ ತೆರೆದಿರುವ ಪುಟವನ್ನಷ್ಟೇ ಬದಲಿಸುತ್ತದೆ, ಹಿಂದೆ ನೋಡಿದ ಪುಟಗಳು ಹಿಸ್ಟರಿಯಲ್ಲಿ ಉಳಿಯುತ್ತವೆ. ಹಾಗಾಗಿ ಅದರ ಪಕ್ಕದಲ್ಲೇ ಇದನ್ನು ಹೇಳಿ, ಆ ನಮೂದುಗಳನ್ನು ಮಾತ್ರ ಅಳಿಸುವುದು ಹೇಗೆಂದು ತೋರಿಸಿ. ಇಡೀ ಹಿಸ್ಟರಿ ಖಾಲಿಯಾದರೂ ಅನುಮಾನ ಬರುತ್ತದೆ. ಫಾರಂ ಪುಟದ ಶೀರ್ಷಿಕೆ ಬರೀ ‘ಸಂಪರ್ಕ’ ಎಂದಿರಲಿ. ಫೇಸ್‌ಬುಕ್ ಪಿಕ್ಸೆಲ್ (ನೋಡುಗರ ಜಾಡು ಹಿಡಿಯುವ ಕೋಡು) ನೆರವಿನ ಪುಟಗಳಲ್ಲಿ ಇರಲೇಬಾರದು.

ಬರಹದಲ್ಲಿ ದೊಡ್ಡ ಕೆಲಸ ಕಲಂಗಳದ್ದು. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಯಲ್ಲಿವೆ. ಐಪಿಸಿ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86. ಜೀವನಾಂಶದ ಸಿಆರ್‌ಪಿಸಿ 125 ಈಗ ನಾಗರಿಕ ಸುರಕ್ಷಾ ಸಂಹಿತೆಯ 144. ಎಫ್‌ಐಆರಿನ 154 ಈಗ 173. ಹಳೆಯ ಸಂಖ್ಯೆ ಅಳಿಸಬೇಡಿ, ಎರಡನ್ನೂ ಬರೆಯಿರಿ. ಜನ ಹುಡುಕುವುದು ‘498ಎ’ ಎಂದೇ, ಆ ತಾರೀಖಿಗಿಂತ ಹಿಂದಿನ ಅಪರಾಧಗಳಿಗೆ ಐಪಿಸಿಯೇ ಅನ್ವಯ.

‘ಯಶೋಗಾಥೆ’ ಪುಟಗಳನ್ನು ಒಬ್ಬ ವಕೀಲರು ಓದದೆ ಹೊಸ ಸೈಟಿಗೆ ಸಾಗಿಸಬೇಡಿ. ಲೈಂಗಿಕ ಅಪರಾಧದಲ್ಲಿ ಸಂತ್ರಸ್ತೆಯ ಗುರುತು ಹೊರಬಿಡುವುದು ನ್ಯಾಯ ಸಂಹಿತೆಯ 72ರಡಿ ಅಪರಾಧ, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ ಕಲಂ 23 ಇದೆ. ಹೆಸರು ಬದಲಿಸಿದರೆ ಸಾಲದು. ಊರು, ಶಾಲೆ, ತಂದೆಯ ಕಸುಬು ಸೇರಿದರೆ ಅಕ್ಕಪಕ್ಕದವರಿಗೆ ಯಾರೆಂದು ತಿಳಿಯುತ್ತದೆ. ವಕೀಲರ ಪರಿಚಯ ಪುಟದಲ್ಲಿ ಹೊಗಳಿಕೆ, ಗೆಲುವಿನ ಲೆಕ್ಕ ಬೇಡ, ಬಾರ್ ಕೌನ್ಸಿಲ್ ನಿಯಮ 36 ಜಾಹೀರಾತನ್ನು ಒಪ್ಪುವುದಿಲ್ಲ.

ಹೊಸಪುಟ

ಮೂವರಿಗೂ ತುಂಬಾ ಧನ್ಯವಾದ. ಇನ್ನೊಂದೇ ಪ್ರಶ್ನೆ. ಮೆನುವಿನಲ್ಲಿ ಈಗ ‘ನಮ್ಮ ಮಧ್ಯಸ್ಥಿಕೆಗಳು’, ‘ಸಾಮರ್ಥ್ಯ ವರ್ಧನೆ’ ಎಂದೆಲ್ಲ ಇದೆ. ದಾನಿಗಳಿಗೆ ಅದು ಬೇಕೆನ್ನುತ್ತಾರೆ.

ಕಟಕಟೆ

ದಾನಿಗಳಿಗೆ ‘ನಮ್ಮ ಕೆಲಸ’ ಎಂಬ ಒಂದೇ ಕೊಂಡಿ ಕೊಟ್ಟು, ಆ ಪದಗಳನ್ನೆಲ್ಲ ಅದರೊಳಗೆ ಇಡಿ. ಮುಖಪುಟ ಕಷ್ಟದಲ್ಲಿರುವವರದ್ದು. ಮೇಲೆ ಒತ್ತಿದರೆ ಕರೆ ಹೋಗುವ ಫೋನ್ ನಂಬರು, ಕಚೇರಿಯ ವೇಳೆ. ಅದರ ಕೆಳಗೆ ಜನ ಕೇಳುವ ಮಾತಿನಲ್ಲೇ: ‘ಪೊಲೀಸರು ದೂರು ತೆಗೆದುಕೊಳ್ಳುತ್ತಿಲ್ಲ’, ‘ಮಾಲೀಕರು ಕೂಲಿ ಕೊಟ್ಟಿಲ್ಲ’, ‘ಮನೆಯಲ್ಲಿ ಹೊಡೆಯುತ್ತಾರೆ’, ‘ಕೋರ್ಟಿನಿಂದ ನೋಟಿಸು ಬಂದಿದೆ’. ಕಚೇರಿ ಮುಚ್ಚಿರುವ ಹೊತ್ತಿಗೆ ಕಾನೂನು ಸೇವಾ ಪ್ರಾಧಿಕಾರದ 15100, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಪ್ರಾಧಿಕಾರದ ನೆರವು ಪಡೆಯಲು ಆದಾಯದ ಮಿತಿ ಇಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಹಾಕಿ. ಬಹಳ ಜನ ಆದಾಯ ಪ್ರಮಾಣಪತ್ರಕ್ಕೆಂದು ತಾಲ್ಲೂಕು ಕಚೇರಿಗೆ ಸುಮ್ಮನೆ ಅಲೆಯುತ್ತಾರೆ.

ದಾಖಲೆ_ಕಪಾಟು

ಕ್ರಮ ಕೇಳಿದ್ದಿರಿ: ಮೊದಲು ಹಳೆಯ ಸೈಟಿನ ಎಲ್ಲ ಕೊಂಡಿಗಳ ಪಟ್ಟಿ, ಪಿಡಿಎಫ್ ಕೊಂಡಿಗಳೂ ಸೇರಿ. ನಂತರ ಹಳೆಯ ಡೊಮೇನಿನಲ್ಲೇ ಹೊಸ ವಿನ್ಯಾಸ, ಹೊಸ ಬರಹ. ಅದು ಒಂದೆರಡು ತಿಂಗಳು ಸರಿಯಾಗಿ ನಡೆದ ಮೇಲೆ ಹೆಸರು ಮತ್ತು ಡೊಮೇನ್. ಎರಡನ್ನೂ ಒಂದೇ ದಿನ ಮಾಡಿದರೆ, ಗೂಗಲಿನಿಂದ ಬರುವವರು ಕಡಿಮೆಯಾದಾಗ ಕಾರಣ ಯಾವುದೆಂದು ಗೊತ್ತಾಗುವುದಿಲ್ಲ. ಡೊಮೇನ್ ಬದಲಿಸುವ ದಿನ ಪ್ರತಿ ಹಳೆಯ ಕೊಂಡಿಯೂ ಅದರದೇ ಹೊಸ ಪುಟಕ್ಕೆ ಹೋಗಲಿ, ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಬೇಡಿ. ಗೂಗಲಿನ ಸರ್ಚ್ ಕನ್ಸೋಲಿನಲ್ಲಿ ವಿಳಾಸ ಬದಲಾವಣೆ ತಿಳಿಸಿ, ಮೊದಲ ಕೆಲವು ವಾರ 404 (ಪುಟ ಸಿಗದ ಕೊಂಡಿಗಳ) ಪಟ್ಟಿ ನೋಡುತ್ತಿರಿ. ಕೆಲಸ ಸೋಮವಾರ ಬೆಳಗ್ಗೆ ಇಟ್ಟುಕೊಳ್ಳಿ. ಶುಕ್ರವಾರ ಸಂಜೆ ಮಾಡಿ ಫಾರಂ ಕೆಟ್ಟರೆ ಎರಡು ದಿನ ಯಾರಿಗೂ ತಿಳಿಯುವುದಿಲ್ಲ.