ನಾಸಿಕ್ ಕಡೆ ಪೂಲ್ ಇರೂ ವಿಲ್ಲಾ, ಜನವರಿ 24–26: ಅಡ್ವಾನ್ಸ್ ಹಾಕೂಕಿಂತ ಮೊದಲ ಏನೇನ್ ಕೇಳಬೇಕು?

ಟಿಳಕವಾಡಿ_ಬೆಳಗಾವಿ

ನಮಸ್ಕಾರ್ರಿ. ಜನವರಿ 24ಕ್ಕ ಹೋಗಿ 26ಕ್ಕ ವಾಪಸ್ ಬರೂ ಹಂಗ ನಾಸಿಕ್‌ದ ಗಂಗಾಪುರ ಡ್ಯಾಮ್ ಹತ್ರ ಒಂದು ವಿಲ್ಲಾ ನೋಡೇವಿ. ಮೂರು ಬೆಡ್‌ರೂಮ್, ನಾವು 11 ಮಂದಿ. ಅದರಾಗ 5 ಮತ್ತ 8 ವರ್ಷದ ಹುಡುಗರಿಬ್ಬರು, ಹಿರಿಯರಿಬ್ಬರು. ಎರಡು ರಾತ್ರಿಗೆ 42,000, ಮ್ಯಾಲ ಡಿಪಾಸಿಟ್ 15,000. ಇವತ್ತ ಅರ್ಧ ಹಾಕ್ರಿ ಅಂತ ಗಡಿಬಿಡಿ ಮಾಡಾಕತ್ತಾರ. ಜಾಹೀರಾತಿನ್ಯಾಗ "ಬಿಸಿನೀರಿನ ಪೂಲ್, ದ್ರಾಕ್ಷಿ ತೋಟದ ನಡುವ" ಅಂತ ಐತಿ. ಪೂಲ್ 8 ಮೀಟರ್ ಉದ್ದ, 4 ಮೀಟರ್ ಅಗಲ ಅಂದ್ರು, ಆಳ ಸರಾಸರಿ ನಾಲ್ಕು ಫೂಟಿನ ಮ್ಯಾಲ. ಹುಡುಗರು ಪೂಲ್ ಸಲುವಾಗಿನೇ ಹಟ ಹಿಡದಾರ, ದೊಡ್ಡವರಿಗೆ ತೋಟ ಮತ್ತ ವೈನರಿ ನೋಡೂದೈತಿ. ಗೊತ್ತಿದ್ದವರು ಬಿಡಿಸಿ ಹೇಳ್ರಿ.

ತಿಕೋಟಾ_ತೋಟ

ತೋಟ ನೋಡೂದಷ್ಟೇ ಆಗಿದ್ರ ಜನವರಿ ತಪ್ಪೇನಲ್ಲ. ನಾಸಿಕ್‌ದಾಗ ವೈನ್ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್ ತನಕ ನಡೀತದ. ಬಿಳಿ ತಳಿ, ಅಂದ್ರ ಶೆನಿನ್ ಬ್ಲಾಂಕ್, ಸಾವಿನ್ಯಾನ್ ಬ್ಲಾಂಕ್ ಮೊದಲ. ಶಿರಾಜ್, ಕ್ಯಾಬರ್ನೆಯಂಥ ಕಪ್ಪು ತಳಿ ಆಮ್ಯಾಲ. ಆದ್ರ ಹುಡುಗರನ್ನ ನೀರಿಗೆ ಇಳಸೂದು ಅಂದ್ರ ಜನವರಿ ಬ್ಯಾಡ್ರಿ. ಅಲ್ಲಿ ರಾತ್ರಿ 10 ಡಿಗ್ರಿ ಸುತ್ತಮುತ್ತ, ನಿಫಾಡ ಕಡೆ ಇನ್ನೂ ಕೆಳಗ ಹೋಗ್ತದ. ಬಳ್ಳಿ ಮ್ಯಾಲ ಹಣ್ಣು, ಪೂಲ್‌ನ್ಯಾಗ ಮೈ ಒಡ್ಡೂವಂಥ ನೀರು, ಎರಡೂ ಕೂಡಿ ಸಿಗೂದು ಫೆಬ್ರವರಿ ಕಡೀ ವಾರದಿಂದ ಮಾರ್ಚ್ ಮಧ್ಯದ ತನಕ. ಮೂರು ವಾರ, ಅಷ್ಟ. ಏಪ್ರಿಲ್ ಚಾಟನಿ (ಬಳ್ಳಿ ಕತ್ತರಸೂದು) ಆತು ಅಂದ್ರ ಬರೇ ಕಾಂಡ, ತಂತಿ. ಜಾಹೀರಾತಿನ್ಯಾಗ ಮಾತ್ರ ವರ್ಷಪೂರ್ತಿ ಗೊಂಚಲ ಜೋತಾಡ್ತಿರ್ತದ.

"ತೋಟದ ನಡುವ" ಅನ್ನೂದರ ಬಗ್ಗೆ ಒಂದು ಮಾತು. ಪಕ್ಕದ ತೋಟ ವೈನ್ ದ್ರಾಕ್ಷಿದೋ ತಿನ್ನೂ ದ್ರಾಕ್ಷಿದೋ ಕೇಳ್ರಿ, ಗೋಡೆಯಿಂದ ಮೊದಲ ಸಾಲು ಎಷ್ಟು ದೂರ ಅದ ಅಂತನೂ ಕೇಳ್ರಿ. ಟ್ರ್ಯಾಕ್ಟರ್ ಬ್ಲೋವರ್ ಬೆಳಿಗ್ಗೆ ಆರಕ್ಕ ಶುರು ಆಗ್ತದ. 20–30 ಫೂಟ್‌ನ್ಯಾಗ ಸಾಲು ಇದ್ರ ಗಾಳಿ ಇತ್ತಾಗ ತಿರುಗಿದಾಗ ಔಷಧ ಪೂಲ್ ಮ್ಯಾಲನೂ ಬರ್ತದ, ಒಣಾಕ ಹಾಕಿದ ಅರಿವಿ ಮ್ಯಾಲನೂ ಬರ್ತದ. ಕೊಯ್ಲು ಹತ್ರ ಬಂದಾಗ ಹೊಡಿಯೂದು ಕಡಿಮಿ, ಉಳಿಕಿ ಹಣ್ಣಿನ್ಯಾಗ ನಿಲ್ಲಬಾರದು ಅಂತ. ಆ ಲೆಕ್ಕದಾಗೂ ಫೆಬ್ರವರಿ ಕಡೀ ವಾರನೇ ಚಲೋ.

ಟಿಳಕವಾಡಿ_ಬೆಳಗಾವಿ

ಮಾರ್ಚ್‌ನ್ಯಾಗ ಅಣ್ಣನ ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಐತ್ರಿ. ದೀಪಾವಳಿ ಸೂಟಿಗೆ ಹೋದ್ರ ಹೆಂಗ? ಥಂಡಿನೂ ಅಷ್ಟ ಇರೂದಿಲ್ಲ.

ತಿಕೋಟಾ_ತೋಟ

ಅದು ಎಲ್ಲಾದಕ್ಕಿಂತ ಕೆಟ್ಟ ಹೊತ್ತು. ಅಕ್ಟೋಬರ್ ಚಾಟನಿ ನಡದಿರ್ತದ, ಹಣ್ಣು ಇಲ್ಲ, ಡೌನಿ (ಬೂಜು ರೋಗ) ಬೀಳ್ತದ ಅಂತ ದಿನಾ ಔಷಧ ಹೊಡೀತಿರ್ತಾರ. ಅದಕ್ಕಿಂತ ಮುಖ್ಯ ಅಂದ್ರ ಪೇಸ್ಟ್. ಕಡ್ಡಿ ಮ್ಯಾಲಿನ ಚಿಗುರಿನ ಕಣ್ಣು ಒಮ್ಮೆಲೆ ಒಡೀಲಿ ಅಂತ ಚಾಟನಿ ಆದ ಒಂದೆರಡು ದಿನದಾಗ ಕಡ್ಡಿಗೆ ಹೈಡ್ರೋಜನ್ ಸಯನಮೈಡ್ ಹಚ್ಚತಾರ. ಮದ್ಯ ಮೈಯಾಗ ಮುರಿಯೂವಾಗ ಆಗೂ ಅಸಿಟಾಲ್ಡಿಹೈಡನ್ನ ಮುಂದ ಕರಗಸೂ ಕಿಣ್ವವನ್ನ ಅದು ತಡೀತದ. ಅದು ಮೈಗೆ ತಾಗಿದ ಮ್ಯಾಲ ಕುಡದ್ರ ಮುಖ ಕೆಂಪಾಗಿ, ಎದಿ ಹೊಡಕೊಂಡು, ವಾಂತಿ, ಬಿ.ಪಿ. ಇಳಿಯೂದು ಎಲ್ಲಾ ಆಗ್ತದ. ಅದಕ್ಕ ಪೇಸ್ಟ್ ಹಚ್ಚೂ ಆಳುಗಳಿಗೆ ಮುಂದ ಕೆಲವು ದಿನ ಕುಡೀಬ್ಯಾಡ್ರಿ ಅಂತ ಕಟ್ಟುನಿಟ್ಟ ಹೇಳೂದು. ಹೊಸದಾಗಿ ಪೇಸ್ಟ್ ಆದ ಸಾಲಿನ ನಡುವ ಕಡ್ಡಿ ಮುಟ್ಟಿ ಫೋಟೋ ತಗೊಂಡು, ಸಂಜಿಗೆ ವೈನ್ ಅಂದ್ರ ಬ್ಯಾಡ್ರಪಾ. ಫೆಬ್ರವರಿ ಕಡೀ ಶುಕ್ರವಾರ ಹೋಗಿ ರವಿವಾರ ಬಂದುಬಿಡ್ರಿ.

ಉದ್ಯಮಬಾಗ_ಪಂಪ್

"ಬಿಸಿನೀರಿನ ಪೂಲ್" ಅನ್ನೂದನ್ನ ಲೆಕ್ಕ ಹಾಕೂಣು. 8 × 4 × 1.25 ಮೀಟರ್ ಹಿಡದ್ರ 40,000 ಲೀಟರ್. ಒಂದು ಡಿಗ್ರಿ ಏರಸಾಕ 46–47 ಯೂನಿಟ್ ಶಾಖ ಬೇಕು. ಜನವರಿಯಾಗ ನೀರು 19 ಡಿಗ್ರಿ ಇದ್ರ ಹುಡುಗರಿಗೆ ಬೇಕಾದ 27ಕ್ಕ ತರಾಕ 370 ಯೂನಿಟ್ ಶಾಖ. 12 ಕಿಲೋವಾಟ್ ಶಾಖ ಕೊಡೂ ಹೀಟ್ ಪಂಪ್ ಒಂದ್ ಸಮ ಓಡಿದ್ರೂ 31 ತಾಸು, ಅದೂ ನಡುವ ನೀರು ಆರೂದಿಲ್ಲ ಅಂತ ಹಿಡದು. ಮ್ಯಾಲ ಕವರ್ ಹಾಕಲಿಲ್ಲ ಅಂದ್ರ ಹಗಲೆಲ್ಲಾ ಗಳಿಸಿದ್ದನ್ನ ಥಂಡಿ ರಾತ್ರಿ ತಿಂದುಬಿಡ್ತೈತಿ. ನೀವು ಬಂದ ಮ್ಯಾಲ ಸ್ವಿಚ್ ಹಾಕಿದ್ರ ನೀರು ಬೆಚ್ಚಗಾಗೂದು ನೀವು ಊರ ಮುಟ್ಟಿದ ಮ್ಯಾಲ. ಮೂರು ಪ್ರಶ್ನೆ ಕೇಳ್ರಿ: ಹೀಟ್ ಪಂಪ್ ಎಷ್ಟು ಕಿಲೋವಾಟ್, ರಾತ್ರಿ ಕವರ್ ಐತೇನು, ಎರಡು ದಿನ ಮೊದಲ ಚಾಲೂ ಮಾಡ್ತೀರೇನು. ಭಾಳ ಕಡೆ ಬಿಸಿ ಇರೂದು ಮೂಲ್ಯಾಗಿನ ಜಕೂಝಿ ಅಷ್ಟ, 1,500 ಲೀಟರ್‌ದ್ದು.

ಫೋಟೋ ನಂಬಬ್ಯಾಡ್ರಿ, ವೈಡ್ ಲೆನ್ಸಿನ್ಯಾಗ ಹೊಂಡನೂ ಕೆರಿ ಆಗ್ತೈತಿ. ವಿಡಿಯೋ ಕಾಲ್ ಮಾಡಿಸಿ, ಆಳ ಇದ್ದ ಕಡೆ ದಂಡಿ ಮ್ಯಾಲ ನಿಂತು ತಳದ ಜಾಳಿಗಿ ತೋರಸ್ರಿ ಅನ್ರಿ. ಜಾಳಿಗಿ ತೂತು ಒಂದೊಂದೂ ಎಣಸೂ ಹಂಗ ಕಂಡ್ರ ಫಿಲ್ಟರ್ ನಡದೈತಿ ಅಂತ ಅರ್ಥ. ಮಸಕಾಗಿದ್ರ ಇಳೀಬ್ಯಾಡ್ರಿ, ಮುಳುಗಿದವರೂ ಕಾಣೂದಿಲ್ಲ. ಜಾಳಿಗಿ ಒಡದಿದ್ರ, ಇಲ್ಲಾ ಸ್ಕ್ರೂ ಕಿತ್ತಿದ್ರ ಆ ವಿಲ್ಲಾನೇ ಬಿಟ್ಟುಬಿಡ್ರಿ. ಪಂಪಿನ ಎಳೆತಕ್ಕ ಉದ್ದ ಕೂದಲು ಸಿಕ್ಕೊಂಡ್ರ ಬಿಡಿಸಾಕ ಆಗೂದಿಲ್ಲ.

ಮನ್ಯಾಗಿಂದ ಟೆಸ್ಟ್ ಸ್ಟ್ರಿಪ್ ಒಯ್ಯಿರಿ. ಪಿಎಚ್ 7.2ರಿಂದ 7.8, ಫ್ರೀ ಕ್ಲೋರಿನ್ 1ರಿಂದ 3 ಪಿಪಿಎಂ. ಬೋರ್ ನೀರಿನ ಪೂಲ್‌ನ್ಯಾಗ ಪಿಎಚ್ ಏರೂದು ಹೆಚ್ಚು. 8 ದಾಟಿದ್ರ ಹಾಕಿದ ಕ್ಲೋರಿನ್‌ದ ಕಾಲುಭಾಗನೂ ಕೆಲಸ ಮಾಡೂದಿಲ್ಲ. ಮೂಗಿಗೆ ಹೊಡಿಯೂ "ಕ್ಲೋರಿನ್ ವಾಸನಿ" ಬಂದ್ರ ಕ್ಲೋರಿನ್ ಜಾಸ್ತಿ ಆತು ಅಂತಲ್ಲ. ಬೆವರು, ಉಚ್ಚಿ ಕೂಡಿ ಕ್ಲೋರಮೈನ್ ಆಗೇತಿ, ಖರೇ ಕ್ಲೋರಿನ್ ಮುಗದೈತಿ ಅಂತ. ಇನ್ನೊಂದು ಕಡೆ ತಪ್ಪತೈತಿ. ಹಿಂದಿನ ಪಾರ್ಟಿ 11ಕ್ಕ ಹೋಗ್ತೈತಿ, ನೀವು 1ಕ್ಕ ಬರ್ತೀರಿ. ಆ ಎರಡು ತಾಸಿನ್ಯಾಗ ಕೇರ್‌ಟೇಕರ್ ಅಳತಿ ಇಲ್ಲದ ಕ್ಲೋರಿನ್ ಪುಡಿ ಸುರೀತಾನ. 40,000 ಲೀಟರಿಗೆ 65%ದ ಪುಡಿ 62 ಗ್ರಾಂ ಹಾಕಿದ್ರ 1 ಪಿಪಿಎಂ ಏರ್ತೈತಿ. ಮುಷ್ಟಿಲೆ ತುಂಬಿ ಹತ್ತು ಸಲ ಒಗದ್ರ ಎಷ್ಟಾತು ನೋಡ್ರಿ. ಸ್ಟ್ರಿಪ್ 3ಕ್ಕ ಇಳಿಯೂತನಕ ಹುಡುಗರನ್ನ ಹೊರಗ ಕೂಡಸ್ರಿ. ಫೆಬ್ರವರಿ ಕಡೀಗೂ ಮಧ್ಯಾಹ್ನ 12ರಿಂದ 4 ಅಷ್ಟ ಈಜಾಕ ಹಿತ, ಹೇಳಿರ್ತೀನಿ.

ನವನಗರ_ಲೆಕ್ಕ (ಬಾಗಲಕೋಟೆ)

ದುಡ್ಡಿನ ಕಡೆ ನೋಡೋಣ. 42,000ಕ್ಕೆ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಬರಹದಲ್ಲಿ ಕೇಳಿ. ಒಂದು ಯೂನಿಟ್‌ನ ದಿನದ ಬಾಡಿಗೆ 7,500 ದಾಟಿದರೆ 18%, ಅಂದರೆ 7,560 ಮೇಲೆ ಬಿದ್ದು 49,560 ಆಗುತ್ತದೆ. ತೆರಿಗೆ ಕೇಳುವವರು ಜಿಎಸ್‌ಟಿ ನಂಬರ್ ಇರುವ ಬಿಲ್ಲನ್ನೂ ಕೊಡಬೇಕು. ನಂಬರ್ ಇಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲ. ಅರ್ಧ ಅಡ್ವಾನ್ಸ್ ಬೇಡ, ಕಾಲುಭಾಗ ಸಾಕು. ಯುಪಿಐಯಲ್ಲಿ ಬರುವ ಹೆಸರು ಕರಾರಿನಲ್ಲಿರುವ ಹೆಸರೇ ಆಗಿರಲಿ. ಮೂರು ಬೆಡ್‌ರೂಮಿಗೆ 11 ಜನ ಎಂದರೆ ಹೆಚ್ಚುವರಿ ಹಾಸಿಗೆಗೆ ತಲೆಗೆ ಎಷ್ಟು, ಜನರೇಟರ್ ಏಸಿಗೂ ಗೀಸರಿಗೂ ಸಾಲುತ್ತದೆಯೇ, ಪೂಲ್ ಎಷ್ಟು ಹೊತ್ತಿಗೆ ಮುಚ್ಚುತ್ತಾರೆ, ಇವೂ ವಾಟ್ಸಾಪಿನಲ್ಲಿ ಅಕ್ಷರರೂಪದಲ್ಲಿ ಇರಲಿ.

ಒಳಗೆ ಕಾಲಿಟ್ಟ ಕೂಡಲೇ ಇಡೀ ಮನೆಯ ಒಂದೇ ವಿಡಿಯೋ ಮಾಡಿ ಅಲ್ಲೇ ಮಾಲೀಕರಿಗೆ ಕಳಿಸಿ. ಡಿಪಾಸಿಟ್ ಜಗಳ ಅಲ್ಲಿಗೇ ಅರ್ಧ ಕಡಿಮೆ. ಜನವರಿ 26 ಡ್ರೈ ಡೇ, ಆ ದಿನ ವೈನರಿಗೆ ಹೋಗಿ ಪ್ರಯೋಜನವಿಲ್ಲ. ಹುಡುಗರಿಗೆ ರುಚಿ ನೋಡುವ ಕೋಣೆಯೊಳಗೆ ಬಿಡುತ್ತಾರೋ ಇಲ್ಲವೋ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ವಾಪಸ್ ಬರುವಾಗ ಡಿಕ್ಕಿ ತುಂಬ ಬಾಟಲಿ ಹೇರಿಕೊಂಡು ಬರಬೇಡಿ, ರಾಜ್ಯದ ಗಡಿ ದಾಟಿಸಲು ಅಬಕಾರಿ ಮಿತಿ ಇದೆ. ಕೊಗನೊಳ್ಳಿಯಲ್ಲಿ ತಡೆದರೆ ಬಿಲ್ ಒಂದೇ ಸಾಲದು. ದಾರಿ ಪುಣೆ ಮೇಲೆ ಸುಮಾರು 550 ಕಿ.ಮೀ.; ಪುಣೆ–ನಾಸಿಕ್ ರಸ್ತೆಯ ಚಾಕಣದಲ್ಲಿ ವಾಹನ ದಟ್ಟಣೆ, ಅದನ್ನು ದಾಟುವುದು ಬೆಳಗಿನ ಜಾವವೇ ಆಗಲಿ.

ಟಿಳಕವಾಡಿ_ಬೆಳಗಾವಿ

ಮಾಲೀಕರಿಗೆ ಕೇಳಿದೆ. ಹೀಟ್ ಪಂಪ್ ಇಲ್ಲಂತ, ಬಿಸಿ ಇರೂದು ಜಕೂಝಿನೇ ಅಂತ! ಫೆಬ್ರವರಿ ಕಡೀ ವಾರಕ್ಕ ಬದಲಿ ಮಾಡ್ಕೊಡ್ತಾರ, ಅದ ರೇಟು. ಡಿಪಾಸಿಟ್ 15,000 ಮಾತ್ರ ಇಳಸಾಕ ಒಪ್ಪವಲ್ರು. ಅಷ್ಟ್ಯಾಕ್ರಿ?

ಉದ್ಯಮಬಾಗ_ಪಂಪ್

ಗಾಜಿನ ಸಲುವಾಗಿ. ವೈನ್ ಗ್ಲಾಸ್ ಪೂಲ್ ದಂಡಿ ಮ್ಯಾಲ ಇಟ್ಟು ಒಂದು ಒಳಗ ಬಿತ್ತು ಅಂದ್ರ ನೀರಿನ್ಯಾಗ ಚೂರು ಕಾಣೂದಿಲ್ಲ, ವ್ಯಾಕ್ಯೂಮ್ ಹೊಡದ್ರೂ ಟೈಲ್ಸ್ ಸಂದಿನ್ಯಾಗ ಉಳೀತಾವ. ಪೂರ್ತಿ ಖಾಲಿ ಮಾಡಿ, ಕೈಲೆ ಬಳದು, 10,000 ಲೀಟರಿನ ನಾಲ್ಕು ಟ್ಯಾಂಕರ್ ನೀರು ಬಿಡಬೇಕು. ಅಷ್ಟೊತ್ತಿಗೆ ಮುಂದಿನ ಪಾರ್ಟಿ ಬುಕಿಂಗ್ ಹೋಗಿರ್ತೈತಿ. ಸ್ಟೀಲ್ ಲೋಟ ಒಯ್ಯಿರಿ, ಗಾಜು ಮನಿ ಹೊಸ್ತಿಲ ದಾಟಬಾರದು. ಕುಡದವರು ಆ ದಿನ ನೀರಿಗಿಳಿಯೂದಿಲ್ಲ. ಹುಡುಗರು ನೀರಿನ್ಯಾಗ ಇರೂತನಕ ಕುಡೀಲಾರದ ಒಬ್ಬರು ದಂಡಿ ಮ್ಯಾಲ ಕೂಡಬೇಕು, ಫೋನ್ ಒಳಗ ಇಟ್ಟು.

ತಿಕೋಟಾ_ತೋಟ

ಹಣ್ಣಿನ ಹೊತ್ತಿಗೆ ಜೇನು, ಕಣಜ ಸಿಹಿಗೂ ಬರ್ತಾವ, ನೀರಿಗೂ ಬರ್ತಾವ. ಶರಬತ್ತು, ಮಾವಿನ ಜ್ಯೂಸ್ ಪೂಲ್ ಹತ್ರ ಬ್ಯಾಡ. ಗೊಂಚಲ ಕೇಳದ ಕೀಳಬ್ಯಾಡ್ರಿ; ವೈನ್ ಹಣ್ಣು ಸಣ್ಣದು, ಸಿಪ್ಪಿ ದಪ್ಪ, ಬೀಜ ಜಾಸ್ತಿ, ಹುಡುಗರು ಉಗಳತಾವ. ಅಡಗಿಯವರು ಅಲ್ಲಿ ಚಪಾತಿನೇ ಮಾಡೂದು, ಹಿರಿಯರಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡ ಹೋಗ್ರಿ.