ಅಪ್‌ಡೇಟ್: ಪಾಡ್ದನದ ಕ್ಯಾಸೆಟ್‌ಗಳು ಕಡೆಗೂ ಮಾತಾಡಿದವು
ಹೋದ ವಾರ ಕೇಳಿದ್ದೆನಲ್ಲ, ಮಂಗಳೂರಿನ ನಮ್ಮ ವಿಭಾಗದ ಕಪಾಟಿನಲ್ಲಿರುವ ಹಳೇ ಸಂದರ್ಶನಗಳು, ಪಾಡ್ದನ (ತುಳುವಿನ ಜನಪದ ಕಥನಗೀತೆ) ಹಾಡುವ ಅಜ್ಜಿಯಂದಿರದ್ದು, ಕಿರ್ರ್ ಅಂತ ನಿಲ್ಲುತ್ತವೆ, ದನಿಯೂ ಮಂಕು ಅಂತ. ಉತ್ತರಗಳಲ್ಲಿ ಬಂದ, ಟೇಪನ್ನು ಸಣ್ಣಗೆ ಬಿಸಿ ಮಾಡುವ ಸಲಹೆ ನಮಗಲ್ಲ. ಅದು ಅಂಟಂಟಾದ ಸ್ಪೂಲ್ ಟೇಪಿಗೆ. "ಶೆಲ್ ಬದಲಿಸಿ", ಅಂದರೆ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಕವಚ ಬದಲಿಸಿ, ಅಂದವರಿಗೆ ದೊಡ್ಡ ನಮಸ್ಕಾರ! ಸ್ಕ್ರೂ ಬಿಚ್ಚಿದರೆ, ಟೇಪನ್ನು ಹೆಡ್‌ಗೆ (ಪ್ಲೇಯರಿನಲ್ಲಿ ದನಿ ಓದುವ ಭಾಗ) ಒತ್ತುವ ಪುಟಾಣಿ ಪ್ಯಾಡ್ ಉದುರಿ ಮೂಲೆಯಲ್ಲಿ ಬಿದ್ದಿತ್ತು. ಹೊಸ ಶೆಲ್‌ಗೆ ಹಾಕಿದೆವು, ಸಲೀಸಾಗಿ ಓಡಿತು. ಆದರೂ ಒಂದೆರಡು ಮಂಕೇ. ಹೆಡ್‌ನ ಓರೆ ಸರಿಮಾಡುವ, ಅದರ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದ್ದೇ ತಡ, ಅಜ್ಜಿ ಎಲೆಅಡಿಕೆ ಜಗಿಯುವ ಸದ್ದೂ ಕೇಳಿಸಿತು ಮಾರಾಯ್ರೆ! ಈಗ ಎಲ್ಲ 96 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್, ಅಂದರೆ ದನಿಯನ್ನು ಕುಗ್ಗಿಸದೆ ಇಡುವ ಫೈಲ್. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 2 ಜಿಬಿ. ಎಂಪಿ3 ಕೇಳಲಿಕ್ಕೆ ಮಾತ್ರ. ಮೂಲ ಕ್ಯಾಸೆಟ್‌ಗಳು ತೇವ ಹೀರುವ ಸಿಲಿಕಾ ಜೆಲ್ ಜತೆ ಡಬ್ಬಿಯೊಳಗೆ, ಮಳೆಗಾಲ ಬರ್ತದಲ್ಲ.