ಕಾಂಡ್ಲಾ ಗಿಡ ನೆಟ್ಟರೆ ಸಂಗೀತದ ಪಾಸ್ ಕೊಡ್ತಾರಂತೆ, ಹೋಗಬಹುದಾ?

ಅಂಕೋಲಾ_ಹುಡುಗಿ:

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರ್‌ನಲ್ಲಿ ಕಾರವಾರದ ಕಡಲ ತೀರದಲ್ಲಿ ಒಂದು ಬ್ಯಾಂಡ್ ಕಾರ್ಯಕ್ರಮ ಇದೆಯಂತೆ. ಟಿಕೆಟ್ ಸಾವಿರದ ಇನ್ನೂರು. ನಾನಿನ್ನೂ ಡಿಗ್ರಿ ಓದುತ್ತಿದ್ದೇನೆ, ಅಷ್ಟು ದುಡ್ಡು ಮನೆಯಲ್ಲಿ ಕೇಳುವ ಹಾಗಿಲ್ಲ. ನಡೆಸುವವರು ಇನ್ನೊಂದು ದಾರಿಯನ್ನೂ ಇಟ್ಟಿದ್ದಾರೆ. ಈ ಮಳೆಗಾಲದಲ್ಲಿ ಎರಡು ಭಾನುವಾರ ಕಾಳಿ ನದಿ ಕಡಲು ಸೇರುವ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ನೆಡಬೇಕು, ಆಮೇಲೆ ಒಂದು ದಿನ ಬೀಚ್ ಕ್ಲೀನಿಂಗ್, ಅಷ್ಟು ಮಾಡಿದವರಿಗೆ ಒಂದು ಪಾಸ್ ಪುಕ್ಕಟೆ. ನನಗೆ ಆಸೆ ಇದೆ. ಅಮ್ಮ ಮಾತ್ರ "ಹಾಡು ಕೇಳಲಿಕ್ಕೆ ಕೆಸರು ತುಳೀಬೇಕಾ, ಮಳೆಯಲ್ಲಿ ನೆನೆದು ಜ್ವರ ಬಂದರೆ ಯಾರು ನೋಡುವುದು" ಅಂತ ಒಂದೇ ಸಮ ಹೇಳುತ್ತಿದ್ದಾಳೆ. ಇಂಥ ಕೆಲಸಕ್ಕೆ ಯಾರಾದರೂ ಹೋಗಿದ್ದೀರಾ? ಪಾಸ್ ನಿಜವಾಗಿ ಕೈಗೆ ಬರುತ್ತದಾ?

ಕೋಡಿಬಾಗ_ದೋಣಿ:

ತಂಗೀ, ಕೆಲಸ ಒಳ್ಳೆಯದೇ. ಆದರೆ ಒಂದು ಲೆಕ್ಕ ನೋಡು. ಕೆಲಸ ಜೂನ್-ಜುಲೈನಲ್ಲಿ, ಪಾಸ್ ಡಿಸೆಂಬರ್‌ನಲ್ಲಿ. ನಡುವೆ ಐದಾರು ತಿಂಗಳು. ನಾನು ಸಿಕ್ಕಿಬಿದ್ದದ್ದು ಅಲ್ಲೇ.

ಕೆಲವು ವರ್ಷದ ಹಿಂದೆ ಹೀಗೇ ಒಂದು ಕಾರ್ಯಕ್ರಮಕ್ಕೆ (ಯಾರದ್ದು ಅಂತ ಬೇಡ ಬಿಡಿ) ನಾವು ಏಳು ಜನ ದೋಸ್ತರು ಎರಡು ದಿನ ಹೊಯ್ಗೆಯಲ್ಲಿ ಹೂತ ಬಲೆ ತುಂಡು ಎಳೆದು ಹಾಕಿದ್ದೆವು. ಮಳೆಗಾಲದಲ್ಲಿ ಕಡಲು ವಾಪಸ್ ಕೊಡುವ ಕಸ ಅಂದರೆ ಚಿಪ್ಸ್ ಪ್ಯಾಕೆಟ್ ಅಲ್ಲ ಮಾರಾಯ್ರೆ, ಅರ್ಧ ಹೂತ ನೈಲಾನ್ ಬಲೆ, ಹಗ್ಗ, ಥರ್ಮಾಕೋಲ್, ಒಂಟಿ ಚಪ್ಪಲಿ. ಒಂದು ಬಲೆ ತೆಗೆಯಲಿಕ್ಕೆ ನಾಲ್ಕು ಜನ ಅರ್ಧ ತಾಸು ಅಗೆದಿದ್ದೆವು. ಕಾರ್ಯಕ್ರಮದ ದಿನ ಗೇಟಿಗೆ ಹೋದರೆ ಲಿಸ್ಟಿನಲ್ಲಿ ನಮ್ಮ ಹೆಸರೇ ಇಲ್ಲ. ನಮ್ಮ ಹೆಸರು ಬರೆದುಕೊಂಡ ಹುಡುಗ ಅಷ್ಟೊತ್ತಿಗೆ ಬೇರೆ ಕೆಲಸಕ್ಕೆ ಸೇರಿಕೊಂಡಿದ್ದ. ಕೊನೆಗೆ ಕುರ್ಚಿ ಜೋಡಿಸಿ, ಹಾಗಾದರೆ ಒಳಗೆ ಬಿಡುತ್ತೇವೆ ಅಂದರು. ಜೋಡಿಸಿದೆವು. ಕೇಳಿಸಿದ್ದು ಜನರೇಟರ್ ಸದ್ದು ಮಾತ್ರ!

ಹಾಗಾಗಿ ಪ್ರತಿ ದಿನ ಕೆಲಸ ಮುಗಿದ ಕೂಡಲೇ ತಾಸು, ತಾರೀಖು ಬರೆಸಿಕೊಂಡು ಸಹಿ ಹಾಕಿಸಿಕೋ. ವಾಟ್ಸಾಪ್‌ನಲ್ಲಾದರೂ ಸರಿ. ಪಾಸ್ ಎಂದಿನ ಟಿಕೆಟ್ ತರಹದ್ದೇ ಅಥವಾ ಹಿಂದೆ ನಿಲ್ಲುವುದಾ ಅದನ್ನೂ ಈಗಲೇ ಕೇಳು.

ಟಿಕೆಟ್_ಪುರಾಣ:

ಇದು ಹೊಸದೇನಲ್ಲ. ಅಮೆರಿಕದಲ್ಲಿ ರಾಕ್‌ಕಾರ್ಪ್ಸ್ ಅಂತ ಒಂದು ಸಂಸ್ಥೆ ಶುರುವಾಯಿತು, ನಾಲ್ಕು ತಾಸು ಕೆಲಸ ಮಾಡಿದರೆ ಒಂದು ಟಿಕೆಟ್. ಆ ಟಿಕೆಟನ್ನು ದುಡ್ಡಿಗೆ ಮಾರುತ್ತಿರಲಿಲ್ಲ, ಅದೇ ಅದರ ಗಮ್ಮತ್ತು. ದುಡ್ಡಿದ್ದವನೂ ಕಸ ಹೆಕ್ಕಲೇಬೇಕಿತ್ತು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಆಕ್ಸ್‌ಫಾಮ್ ಸಂಸ್ಥೆ ಸ್ವಯಂಸೇವಕರನ್ನು ಕಳಿಸುತ್ತದೆ, ಅಲ್ಲಿ ಉಲ್ಟಾ. ಮೊದಲು ನಾವೇ ಡಿಪಾಸಿಟ್ ಕಟ್ಟಬೇಕು, ಪಾಳಿಗಳನ್ನೆಲ್ಲ ಮುಗಿಸಿದರೆ ವಾಪಸ್, ಡ್ಯೂಟಿ ತಪ್ಪಿಸಿ ಹಾಡು ಕೇಳಲಿಕ್ಕೆ ಓಡಿದರೆ ದುಡ್ಡು ಹೋಯಿತು.

ನಿಮ್ಮವರು ಡಿಪಾಸಿಟ್ ಕೇಳಿದ್ದಾರಾ? ಕೇಳಿದ್ದರೆ ರಶೀದಿ ಇಲ್ಲದೆ ಒಂದು ಪೈಸೆ ಕೊಡಬೇಡಿ.

ಶಿರಸಿ_ತಂಬೂರಿ:

ನನಗೆ ಒಂದು ಅರ್ಥ ಆಗುವುದಿಲ್ಲ. ಸಂಗೀತಕ್ಕೆ ಟಿಕೆಟ್ ಅಂತ ನಮ್ಮ ಘಟ್ಟದ ಮೇಲೆ ಯಾರು ಕೇಳುತ್ತಾರೆ? ಶಿರಸಿ, ಯಲ್ಲಾಪುರ ಕಡೆ ಬೈಠಕ್ ಇದ್ದರೆ ಕಂಬಳಿ ಹಾಸಿರುತ್ತಾರೆ, ಹೋಗಿ ಕೂತರೆ ಆಯಿತು. ಹಾಸಣಗಿ ಗಣಪತಿ ಭಟ್ಟರಂಥ ದೊಡ್ಡ ಗಾಯಕರು ಯಲ್ಲಾಪುರ ತಾಲೂಕಿನ ಹಳ್ಳಿಯವರೇ ಅಲ್ವಾ. ಎಷ್ಟೋ ಮನೆಗಳ ಜಗಲಿಯೇ ಇಲ್ಲಿ ಸಭಾಂಗಣ. ಕಾರವಾರದ ಮಯೂರವರ್ಮ ವೇದಿಕೆಯಲ್ಲಿ ಕರಾವಳಿ ಉತ್ಸವ ಆದಾಗಲೂ ನಾವು ದೇವಿಮನೆ ಘಟ್ಟ ಇಳಿದು ಬಂದು ಹೊಯ್ಗೆ ಮೇಲೆ ಕೂತು ಪುಕ್ಕಟೆ ಕೇಳಿದ್ದೇವೆ.

ಆದರೆ ಪುಕ್ಕಟೆ ಅಂದರೂ ಕೆಲಸ ಇದ್ದೇ ಇತ್ತು, ಈಗ ಬರೆಯುವಾಗ ನೆನಪಾಯಿತು. ಬೈಠಕ್ ಮನೆಯಲ್ಲಿ ಮಧ್ಯಾಹ್ನವೇ ಹೋಗಿ ಅಂಗಳಕ್ಕೆ ಚಪ್ಪರ ಹಾಕಿದವರು ನಾವೇ, ಕಾಯಿ ತುರಿದವರು ನಾವೇ, ಬೆಳಗಿನ ಜಾವ ಭೈರವಿ ಮುಗಿದ ಮೇಲೆ ಲೋಟ ತೊಳೆದವರೂ ನಾವೇ. ಪಾಸ್ ಅಂತ ಯಾರೂ ಕರೆಯಲಿಲ್ಲ ಅಷ್ಟೇ. ಹೋಗು ಮಗಾ. ಅಮ್ಮನಿಗೆ ಹೀಗೆ ಹೇಳಿ ನೋಡು.

ಹೊನ್ನಾವರ_ಆಮೆ:

ಯಾರೂ ಕೇಳದ ಒಂದು ಪ್ರಶ್ನೆ ನಾನು ಕೇಳುತ್ತೇನೆ. ಕಾರ್ಯಕ್ರಮ ತೀರದಲ್ಲಿ ನಿಖರವಾಗಿ ಎಲ್ಲಿ?

ಯಾಕೆಂದರೆ ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ತೀರಕ್ಕೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲಿಕ್ಕೆ ಬರುತ್ತವೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಗೂಡಿನ ಸುತ್ತ ಬೇಲಿ ಕಟ್ಟಿ ಕಾಯುವ ಕೆಲಸದಲ್ಲಿ ನಾನೂ ಇದ್ದೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. 45ರಿಂದ 60 ದಿನದಲ್ಲಿ ಮರಿ ಬರುತ್ತವೆ, ಹೆಚ್ಚಾಗಿ ರಾತ್ರಿ. ಮರಿಗಳು ಬೆಳಕು ಕಂಡ ಕಡೆ ಹೋಗುತ್ತವೆ. ಕತ್ತಲಿದ್ದರೆ ಕಡಲೇ ಬೆಳ್ಳಗೆ ಕಾಣುತ್ತದೆ, ನೀವು ಸ್ಟೇಜ್ ಲೈಟ್ ಹಾಕಿದರೆ ಅವು ಸ್ಟೇಜ್ ಕಡೆ ನಡೆಯುತ್ತವೆ. ಆಮೆಯೂ ಹಾಡು ಕೇಳಲಿಕ್ಕೆ ಬಂತು ಅಂತ ನಗಬಹುದು, ಆದರೆ ಬೆಳಗ್ಗೆ ಕಾಗೆ ನಗುವುದಿಲ್ಲ, ತಿನ್ನುತ್ತದೆ.

ಕಾರವಾರದ ಟ್ಯಾಗೋರ್ ಬೀಚ್ ಊರಿನ ನಡುವೆಯೇ ಇದೆ, ಅಲ್ಲಿ ದೀಪ ಹೇಗೂ ಉರಿಯುತ್ತದೆ. ಜನ ಇಲ್ಲದ ತೀರಕ್ಕೆ ಹೋಗಿ ಪೆಂಡಾಲ್ ಹಾಕುವುದಾದರೆ ಅರಣ್ಯ ಇಲಾಖೆಯನ್ನು ಕೇಳಿದ್ದಾರಾ ಅಂತ ವಿಚಾರಿಸಿ. ಇನ್ನೊಂದು: ಕ್ಲೀನಿಂಗ್ ಕಾರ್ಯಕ್ರಮದ ಮೊದಲೋ, ಮರುದಿನವೋ? ಮರುದಿನ ಬೆಳಗ್ಗೆ ಆರಕ್ಕೆ ಬಂದು ಹೆಕ್ಕುವವರಿಗೆ ಪಾಸ್ ಕೊಡುತ್ತೇವೆ ಅಂದರೆ ಅವರು ಕಸದ ಬಗ್ಗೆ ನಿಜವಾಗಿ ಯೋಚನೆ ಮಾಡಿದ್ದಾರೆ ಅಂತ ನಾನು ನಂಬುತ್ತೇನೆ.

ಅಘನಾಶಿನಿ_ಕೆಸರು:

ಕಾಂಡ್ಲಾ ಬಗ್ಗೆ ಮಾತ್ರ ಹೇಳುತ್ತೇನೆ, ಕುಮಟಾ ಕಡೆ ಗಜನಿ (ಉಪ್ಪುನೀರು ನುಗ್ಗುವ) ಗದ್ದೆ ಅಂಚಿನಲ್ಲಿ ನೆಟ್ಟು ಗೊತ್ತು. ಅದರ ಕೋಡು, ಅಂದರೆ ನೆಡುವ ಮೊಳಕೆ, ನೋಡಲಿಕ್ಕೆ ಉದ್ದ ನುಗ್ಗೆಕಾಯಿ ತರಹ ಇರುತ್ತದೆ. ಚೂಪು ತುದಿ ಕೆಳಗೆ ಮಾಡಿ ಮೂರನೇ ಒಂದು ಪಾಲು ಕೆಸರಿಗೆ ಚುಚ್ಚಬೇಕು, ಗುಂಡಿ ತೋಡುವುದು ಬೇಡ. ನೀರು ಇಳಿದಾಗ ಮಾತ್ರ ಕೆಲಸ. ಇಳಿತ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಈ ಭಾನುವಾರ ಎಂಟಕ್ಕೆ ಕರೆದರೆ ಮುಂದಿನ ಭಾನುವಾರವೂ ಎಂಟಕ್ಕೇ ಅಂತ ತಿಳಿಯಬೇಡಿ. ಎರಡೂ ವಾರ ಒಂದೇ ಹೊತ್ತಿಗೆ ಕರೆದಿದ್ದರೆ ಅವರಿಗೆ ಕಾಂಡ್ಲಾ ಗೊತ್ತಿಲ್ಲ, ಬರೀ ಫೋಟೋ ಗೊತ್ತು.

ಅಂಕೋಲಾ_ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್, ನಿನ್ನೆ ಫೋನ್ ಮಾಡಿ ಎಲ್ಲ ಕೇಳಿದೆ. ಡಿಪಾಸಿಟ್ ಇಲ್ಲ. ಜಾಗ ಟ್ಯಾಗೋರ್ ಬೀಚೇ. ಕೆಲಸ ಮುಗಿದ ದಿನವೇ ಮೊಬೈಲ್‌ಗೆ ಕೂಪನ್ ಕಳಿಸುತ್ತಾರಂತೆ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುತ್ತೇನೆ. ಮೊದಲ ವಾರ ಬೆಳಗ್ಗೆ 7, ಎರಡನೇ ವಾರ ಮಧ್ಯಾಹ್ನ 1 ಅಂದರು, ಅಘನಾಶಿನಿಯವರ ಮಾತು ನೆನಪಾಗಿ ನಗು ಬಂತು. ಮರುದಿನದ ಕ್ಲೀನಿಂಗ್ ಬಗ್ಗೆ ಕೇಳಿದ್ದಕ್ಕೆ "ಅದಿನ್ನೂ ಯೋಚನೆ ಮಾಡಿಲ್ಲ" ಅಂದರು. ಅಮ್ಮ ಒಪ್ಪಿದ್ದಾಳೆ, ಆದರೆ ಕಾರ್ಯಕ್ರಮಕ್ಕೆ ಅವಳೂ ಬರುತ್ತಾಳಂತೆ, ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಅಂಕೋಲಾಕ್ಕೆ ಹೇಗೆ ಬರುತ್ತೀ ಅಂತ. ಹಾಗಾದರೆ ಅವಳ ಪಾಸಿಗೂ ಕೆಸರು ತುಳಿಯಬೇಕಲ್ಲ! ಗಂಬೂಟು ಯಾರ ಹತ್ತಿರವಾದರೂ ಎರಡು ಜೊತೆ ಇದೆಯಾ?

ಅಘನಾಶಿನಿ_ಕೆಸರು:

ಗಂಬೂಟು ಬೇಡವೇ ಬೇಡ. ಕೆಸರಿನಿಂದ ಕಾಲು ಬಂದರೂ ಬೂಟು ಬರುವುದಿಲ್ಲ. ಬರಿಗಾಲೂ ಬೇಡ, ಸಿಂಪಿ ಚಿಪ್ಪು ಕೊಯ್ಯುತ್ತದೆ. ಹಳೇ ಕ್ಯಾನ್ವಾಸ್ ಶೂ ಹಾಕಿ ಲೇಸ್ ಬಿಗಿಯಾಗಿ ಕಟ್ಟಿ, ಅಮ್ಮನಿಗೂ.